ಮಾತೃಪರಂಪರೆಯೂ ಹೆಸರಿನ ಪ್ರಶ್ನೆಯೂ: ಕರಾವಳಿ ಆಂಧ್ರದ ಲೇಖಕಿಯರ ಕೆಲವು ಕೃತಿಗಳು

೧

ಸ್ತ್ರೀಯೊಬ್ಬಳು ಬರೆಯತೊಡಗಿದಾಗ ಆಕೆಯ ಬರಹದ ಮೂಲವೆಲ್ಲಿ ಎಂಬ ಪ್ರಶ್ನೆಗೆ ಸಾಹಿತ್ಯ ಚರಿತ್ರಕಾರರು ಬಹುಕಾಲದಿಂದ ಎರಡು ಉತ್ತರಗಳನ್ನು ಕೊಡುತ್ತ ಬಂದಿದ್ದಾರೆ. ಅಕ್ಷರ ಕಲಿಸಿದ ತಂದೆಯೋ ಸೋದರನೋ ಪತಿಯೋ ಆ ಮೂಲವೆಂಬುದು ಮೊದಲನೆಯ ಉತ್ತರ. ಪಶ್ಚಿಮದಿಂದ ಬೀಸಿದ ವಿಚಾರಗಳ ಗಾಳಿಯೆಂಬುದು ಎರಡನೆಯದು. ಎರಡರಲ್ಲಿಯೂ ಸತ್ಯಾಂಶವುಂಟು. ಆದರೆ ಅಕ್ಷರಕ್ಕಿಂತ ಮೊದಲು ಮಾತು, ಮಾತಿಗಿಂತ ಮೊದಲು ಜೋಗುಳ ಕಿವಿಗೆ ಬೀಳುತ್ತದೆಂಬುದನ್ನು ಈ ಎರಡು ಉತ್ತರಗಳೂ ಮರೆತಿವೆ. ತಾಯಿ ಅಜ್ಜಿಯರ ಪಾಲು ಅರ್ಪಣೆಯ ಪುಟದಲ್ಲಿ ಒಂದು ಸಾಲಾಗಿ ನಿಲ್ಲುವುದೇ ಹೊರತು ವಿಮರ್ಶೆಯ ವಿಷಯವಾಗುವುದು ಅಪರೂಪ.

ಇಂಗ್ಲಿಷ್ ಲೇಖಕಿ ವರ್ಜೀನಿಯಾ ವುಲ್ಫ್ ೧೯೨೯ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧದಲ್ಲಿ, ಬರೆಯುವ ಹೆಣ್ಣು ತನಗಿಂತ ಹಿಂದಿನ ತಾಯಂದಿರ ಮೂಲಕವೇ ಹಿಂದಿನದನ್ನು ನೆನೆಯಬೇಕಾಗುವುದೆಂಬ ವಿಚಾರವನ್ನು ಮುಂದಿಟ್ಟಳು. ಹಾಗೆ ನೆನೆಯಲು ಹೋದಾಗ ಪುಸ್ತಕದ ಕಪಾಟು ಬಹುಪಾಲು ಬರಿದಾಗಿರುವುದನ್ನು ಕಂಡು ವಿಷಾದಿಸಿದಳು. ಅಮೆರಿಕದ ಕಪ್ಪು ಜನಾಂಗದ ಲೇಖಕಿ ಆಲಿಸ್ ವಾಕರ್ ೧೯೭೪ರ ಪ್ರಬಂಧವೊಂದರಲ್ಲಿ ಕಪಾಟನ್ನು ಬಿಟ್ಟು ಹಿತ್ತಿಲ ಕಡೆಗೆ ತಿರುಗಿದಳು. ದುಡಿದು ದಣಿದ ತಾಯಿ ಬೆಳೆಸಿದ ಹೂದೋಟದಲ್ಲಿಯೂ, ಹೆಸರು ತಿಳಿಯದ ಹೆಂಗಸು ಹೊಲಿದ ಕೌದಿಯಲ್ಲಿಯೂ ಆಕೆ ಕಲೆಯನ್ನು ಗುರುತಿಸಿದಳು. ಕಪಾಟು, ಹಿತ್ತಿಲು: ಮಾತೃಪರಂಪರೆಯನ್ನು ಅರಸುವವರಿಗೆ ಇವೆರಡೂ ದಾರಿಗಳು. ತೆಲುಗುನಾಡಿನ ಕರಾವಳಿಯಲ್ಲಿ ಇವೆರಡನ್ನೂ ಒಟ್ಟಿಗೆ ಪರಿಶೀಲಿಸುವ ಅವಕಾಶವುಂಟು.

ವಿಜಯವಾಡ ಮತ್ತು ವಿಶಾಖಪಟ್ಟಣಗಳು ಆಧುನಿಕ ತೆಲುಗು ವಿದ್ಯೆಯ ಎರಡು ನೆಲೆಗಳು. ಆಂಧ್ರ ವಿಶ್ವವಿದ್ಯಾಲಯವು ೧೯೨೬ರಲ್ಲಿ ಸ್ಥಾಪಿತವಾದದ್ದು ಆಗ ಬೆಜವಾಡವೆನಿಸಿಕೊಂಡಿದ್ದ ವಿಜಯವಾಡದಲ್ಲಿ; ೧೯೩೦ರಲ್ಲಿ ಅದು ವಿಶಾಖಪಟ್ಟಣದ ವಾಲ್ತೇರಿಗೆ ಸಾಗಿತು. ಮೈಸೂರಿನಲ್ಲಿ ಅಧ್ಯಾಪಕರಾಗಿ ಕನ್ನಡಿಗರಿಗೆ ಪರಿಚಿತರಾದ ಕಟ್ಟಮಂಚಿ ರಾಮಲಿಂಗಾರೆಡ್ಡಿಯವರೇ ಅದರ ಮೊದಲ ಉಪಕುಲಪತಿಗಳು. ೧೯೪೮ರಲ್ಲಿ ವಿಜಯವಾಡದ ಆಕಾಶವಾಣಿ ಕೇಂದ್ರವು ಪ್ರಾರಂಭವಾಯಿತು. ಮುದ್ರಣಾಲಯಗಳೂ ಪ್ರಕಾಶನ ಸಂಸ್ಥೆಗಳೂ ಅಲ್ಲಿ ಬೆಳೆದವು. ಈ ಎರಡು ನಗರಗಳ ನಡುವಣ ಮತ್ತು ಸುತ್ತಣ ಸೀಮೆಯಿಂದ ಬಂದ ಕೆಲವು ಲೇಖಕಿಯರ ಕೃತಿಗಳನ್ನು ಆಧಾರವಾಗಿಟ್ಟುಕೊಂಡು, ತಾಯಿ ಅಜ್ಜಿಯರು ಹೆಣ್ಣಿನ ವ್ಯಕ್ತಿತ್ವವನ್ನೂ ಸೃಷ್ಟಿಶಕ್ತಿಯನ್ನೂ ರೂಪಿಸುವ ಬಗೆಯನ್ನು ವಿವೇಚಿಸುವುದು ಈ ಲೇಖನದ ಉದ್ದೇಶ. ತಾಯಿ ಮಗಳಿಗೆ ಕೊಡುವುದು ಒಂದೇ ಕೊಡುಗೆಯಲ್ಲ. ಒಂದು ಕೈಯಲ್ಲಿ ಹಾಡನ್ನೂ ಇನ್ನೊಂದು ಕೈಯಲ್ಲಿ ಸಾರಣೆಯ ಬಟ್ಟೆಯನ್ನೂ ಕೊಡುತ್ತಾಳೆ. ಮೊದಲನೆಯದರಿಂದ ದನಿ ಬರುತ್ತದೆ. ಎರಡನೆಯದರಿಂದ ಹೆಸರು ಅಳಿಯುತ್ತದೆ. ಈ ದ್ವಂದ್ವವನ್ನು ಕಾಣದ ಮಾತೃಸ್ತುತಿಯಾಗಲಿ ಮಾತೃನಿಂದೆಯಾಗಲಿ ವಿಮರ್ಶೆಯೆನಿಸಲಾರದು.

೨

ಮೊದಲು ಕಪಾಟಿನ ಮಾತು. ಇಂದು ವಿಜಯವಾಡವನ್ನು ಕೇಂದ್ರವಾಗಿ ಉಳ್ಳ ಎನ್.ಟಿ.ಆರ್. ಜಿಲ್ಲೆಗೆ ಸೇರಿದ ಪೆನುಗಂಚಿಪ್ರೋಲಿನಲ್ಲಿ ೧೮೭೪ರಲ್ಲಿ ಭಂಡಾರು ಅಚ್ಚಮಾಂಬ ಜನಿಸಿದರು. ಆರನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡು ಹತ್ತನೆಯ ವಯಸ್ಸಿಗೆ ವಿವಾಹಿತೆಯಾದ ಈಕೆಗೆ ಶಾಲೆಯ ಓದು ಇರಲಿಲ್ಲ. ಪತಿ ಮಾಧವರಾಯರ ಉದ್ಯೋಗದ ನಿಮಿತ್ತ ಮಧ್ಯಪ್ರಾಂತಗಳಲ್ಲಿ ಸಂಸಾರ ಹೂಡಿದಾಗ ತಾಯಿ ಗಂಗಮ್ಮನವರೂ ತಮ್ಮ ಕೊಮರ್ರಾಜು ಲಕ್ಷ್ಮಣರಾಯರೂ ಜೊತೆಗೆ ಬಂದರು. ಮುಂದೆ ಇತಿಹಾಸ ಸಂಶೋಧಕರಾಗಿ ಪ್ರಸಿದ್ಧರಾದ ಆ ತಮ್ಮನೇ ಅಕ್ಕನಿಗೆ ಗುರುವಾದನು. ಚರಿತ್ರೆಯ ಪುಸ್ತಕಗಳು ಲಕ್ಷ್ಮಣರಾಯರ ಋಣವನ್ನು ವಿಸ್ತಾರವಾಗಿ ಹೇಳುತ್ತವೆ. ವಿಧವೆಯಾಗಿ ಮಗಳ ಮನೆಯನ್ನು ಸೇರಿ, ಕಲಿಯುವ ಮಗಳ ಪಕ್ಕದಲ್ಲಿ ಬಾಳಿದ ಗಂಗಮ್ಮನವರ ವಿಷಯದಲ್ಲಿ ಅವು ಹೆಸರಿಗಿಂತ ಹೆಚ್ಚೇನನ್ನೂ ಉಳಿಸಿಲ್ಲ.

ಅಚ್ಚಮಾಂಬರ 'ಅಬಲಾ ಸಚ್ಚರಿತ್ರ ರತ್ನಮಾಲಾ' ಗ್ರಂಥದ ಮೊದಲ ಭಾಗ ೧೯೦೧ರಲ್ಲಿ ಪ್ರಕಟವಾಯಿತು. ಹೆಂಗಸರು ಅಬಲೆಯರು, ಅಲ್ಪಬುದ್ಧಿಯವರು ಎಂಬ ಮಾತನ್ನು ಅಲ್ಲಗಳೆಯುವುದಕ್ಕಾಗಿ ಭಾರತದ ನಾನಾ ಕಾಲದೇಶಗಳ ಸ್ತ್ರೀಯರ ಚರಿತ್ರೆಗಳನ್ನು ಅದರಲ್ಲಿ ಸಂಗ್ರಹಿಸಲಾಗಿದೆ. ೧೯೦೨ರಲ್ಲಿ ಮಚಲಿಪಟ್ಟಣದಲ್ಲಿ ಬೃಂದಾವನ ಸ್ತ್ರೀ ಸಮಾಜದ ಸ್ಥಾಪನೆಯಲ್ಲಿ ಪಾಲುಗೊಂಡ ಈಕೆ, ಅದೇ ವರ್ಷ 'ಹಿಂದೂ ಸುಂದರಿ' ಪತ್ರಿಕೆಯಲ್ಲಿ 'ಧನತ್ರಯೋದಶಿ' ಎಂಬ ಕಥೆಯನ್ನು ಬರೆದರು. ತೆಲುಗಿನ ಮೊದಲ ಸಣ್ಣಕಥೆಯೆಂಬ ಗೌರವವನ್ನು ಇಂದು ಅನೇಕ ವಿದ್ವಾಂಸರು ಈ ಕಥೆಗೆ ಸಲ್ಲಿಸುತ್ತಾರೆ. ೧೯೦೫ರಲ್ಲಿ, ಮೂವತ್ತೊಂದನೆಯ ವಯಸ್ಸಿನೊಳಗೆ, ಅಚ್ಚಮಾಂಬ ತೀರಿಕೊಂಡರು.

'ರತ್ನಮಾಲೆ'ಯನ್ನು ಸಾಮಾನ್ಯವಾಗಿ ಸಮಾಜಸುಧಾರಣೆಯ ಗ್ರಂಥವೆಂದು ಓದುವ ರೂಢಿ. ಅದನ್ನು ವಂಶಾವಳಿಯೆಂದು ಓದಿದರೆ ಬೇರೊಂದು ಅರ್ಥ ಹೊಳೆಯುತ್ತದೆ. ಸ್ವಂತ ಮನೆಯಲ್ಲಿ ಓದುಬರಹ ಬಲ್ಲ ಅಜ್ಜಿ ಮುತ್ತಜ್ಜಿಯರು ಇಲ್ಲದ ಹೆಣ್ಣು, ಕಾಶ್ಮೀರದಿಂದಲೂ ರಾಜಸ್ಥಾನದಿಂದಲೂ ಹಿರಿಯರನ್ನು ಕರೆತಂದು ಸಾಲಾಗಿ ಕೂರಿಸಿಕೊಂಡಂತಿದೆ ಈ ಪುಸ್ತಕ. ಬರಿದಾದ ಕಪಾಟನ್ನು ತುಂಬುವ ಮೊದಲ ಪ್ರಯತ್ನವಿದು. ಪಶ್ಚಿಮದ ಲೇಖಕಿ ಆ ಬರಿದನ್ನು ಕುರಿತು ವಿಷಾದಿಸುವುದಕ್ಕೆ ಇಪ್ಪತ್ತೆಂಟು ವರ್ಷ ಮೊದಲೇ ಇದು ನಡೆಯಿತೆಂಬುದು ಗಮನಾರ್ಹ. ಆದರೆ ಈ ಸಾಲಿನಲ್ಲಿ ರಾಣಿಯರೂ ವಿದುಷಿಯರೂ ಸತಿಯರೂ ಇದ್ದಾರೆ. ಹಾಡುತ್ತ ಬೀಸುತ್ತ ಬಾಳಿದ ಸಾಮಾನ್ಯ ಅಜ್ಜಿ ಇಲ್ಲ. ಲಿಖಿತ ಪ್ರಮಾಣವಿಲ್ಲದ ಆಕೆಗೆ ಚರಿತ್ರೆಯಲ್ಲಿ ಸ್ಥಳ ದೊರೆಯುವುದು ಕಷ್ಟವಾಗಿತ್ತು. ಆಕೆಯನ್ನು ಅರಸಲು ಹಿತ್ತಿಲಿಗೇ ಹೋಗಬೇಕು.

೩

ಕರಾವಳಿ ಆಂಧ್ರದ ಬ್ರಾಹ್ಮಣ ಮನೆಗಳಲ್ಲಿ ಮಧ್ಯಾಹ್ನದ ಊಟದ ಕೆಲಸ ಮುಗಿದ ಮೇಲೆ, ಗಂಡಸರಿಲ್ಲದ ಹೊತ್ತಿನಲ್ಲಿ, ಹೆಂಗಸರು ಹಿಂಭಾಗದ ಪಡಸಾಲೆಯಲ್ಲಿ ಸೇರಿ ರಾಮಾಯಣದ ಹಾಡುಗಳನ್ನು ಹಾಡುವ ಸಂಪ್ರದಾಯವೊಂದಿತ್ತು. ಅಜ್ಜಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಬಾಯಿಂದ ಬಾಯಿಗೆ ಬಂದ ಈ ಹಾಡುಗಳನ್ನು ಕುರಿತು ವೆಲ್ಚೇರು ನಾರಾಯಣರಾಯರು ೧೯೯೧ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ವಿಸ್ತಾರವಾಗಿ ಚರ್ಚಿಸಿದ್ದಾರೆ. ವಾಲ್ಮೀಕಿಯ ಯುದ್ಧ, ರಾಜನೀತಿ, ಋಷಿಗಳ ಉಪದೇಶಗಳು ಇಲ್ಲಿ ಹಿಂದೆ ಸರಿಯುತ್ತವೆ. ಕೌಸಲ್ಯೆಯ ಬಸಿರು ಬಯಕೆ, ಹೆರಿಗೆಯ ನೋವು, ಮಗುವಿನ ಆರೈಕೆ, ಮದುವೆಯ ಮನೆಯ ಹಾಸ್ಯ, ಅತ್ತಿಗೆ ನಾದಿನಿಯರ ಮುನಿಸು ಇವು ಮುಂದೆ ಬರುತ್ತವೆ. ರಾಮನ ಅಕ್ಕ ಶಾಂತೆಗೆ ಕಾವ್ಯಗಳಲ್ಲಿ ದೊರೆಯದ ಅಧಿಕಾರ ಹಾಡಿನಲ್ಲಿ ದೊರೆಯುತ್ತದೆ. ಅರಮನೆಯೊಳಗೆ ಮಹಾಕಾವ್ಯ ಕಾಣದ ಕೋಣೆಗಳನ್ನು ಈ ಹಾಡುಗಳು ತೆರೆದು ತೋರಿಸುತ್ತವೆ.

ಇವುಗಳಲ್ಲಿ 'ಊರ್ಮಿಳಾದೇವಿಯ ನಿದ್ರೆ' ಎಂಬುದು ಅತ್ಯಂತ ಪ್ರಸಿದ್ಧ. ಪತಿ ಅಣ್ಣನೊಡನೆ ಕಾಡಿಗೆ ಹೋದಂದಿನಿಂದ ಹದಿನಾಲ್ಕು ವರ್ಷ ಊರ್ಮಿಳೆ ಮಲಗಿ ನಿದ್ರಿಸುತ್ತಾಳೆ. ವನವಾಸ ಮುಗಿದು ಪಟ್ಟಾಭಿಷೇಕದ ಸಂಭ್ರಮ ನಡೆದಾಗಲೂ ಆಕೆಯನ್ನು ನೆನೆಯುವವರು ಬೇರಾರೂ ಇಲ್ಲ. ನೆನಪು ಮಾಡಿಕೊಡುವವಳು ಸೀತೆ. ಲಕ್ಷ್ಮಣನು ಕೋಣೆಗೆ ಬಂದಾಗ ಊರ್ಮಿಳೆ ಆತನನ್ನು ಗುರುತಿಸದೆ, ಪರಸ್ತ್ರೀಯನ್ನು ಬಯಸಿದವರಿಗೆ ಒದಗಿದ ಗತಿಯನ್ನು ಹೇಳಿ ಗದರಿಸುತ್ತಾಳೆ. ಪಾತಿವ್ರತ್ಯದ ಮಾತಿನೊಳಗೆ ಅಡಗಿದ ಆಕ್ಷೇಪಣೆ ಇದು. ಹದಿನಾಲ್ಕು ವರ್ಷ ಹೆಂಡತಿಯನ್ನು ಮರೆತವನು ಹೆಂಡತಿಗೆ ಅಪರಿಚಿತನಾಗುವುದು ನ್ಯಾಯವೇ ಸರಿ. ಪತಿಯನ್ನು ನೇರವಾಗಿ ಬಯ್ಯದೆ, ಬಯ್ಯಬೇಕಾದದ್ದನ್ನೆಲ್ಲ ಬಯ್ದು ಮುಗಿಸುವ ಈ ಜಾಣ್ಮೆ ಅನೇಕ ತಲೆಮಾರಿನ ಹೆಂಗಸರು ಸೇರಿ ಕಟ್ಟಿದ್ದು.

ಈ ಹಾಡುಗಳ ಕರ್ತೃಗಳ ಹೆಸರುಗಳು ಉಳಿದಿಲ್ಲ. ಒಬ್ಬ ಅಜ್ಜಿ ಹಾಡಿದಂತೆ ಇನ್ನೊಬ್ಬಳು ಹಾಡುವುದಿಲ್ಲ. ನಡುವೆ ಒಂದು ನುಡಿ ಸೇರುತ್ತದೆ, ಒಂದು ಬಿಡುತ್ತದೆ. ಆದ್ದರಿಂದ ಮೊಮ್ಮಗಳಿಗೆ ಬರುವುದು ಮುಗಿದ ಕೃತಿಯಲ್ಲ. ಕೃತಿಯನ್ನು ಬದಲಿಸಬಹುದೆಂಬ ಅನುಮತಿಯೂ ಅದರೊಡನೆ ಬರುತ್ತದೆ. ಪುಸ್ತಕದ ಪರಂಪರೆಯಲ್ಲಿ ಪಾಠವನ್ನು ಬದಲಿಸುವುದು ಅಪರಾಧ. ಹಿತ್ತಿಲ ಪರಂಪರೆಯಲ್ಲಿ ಅದೇ ಜೀವ. ಮುಂದಿನ ಲೇಖಕಿಯರು ಅಜ್ಜಿಯರಿಂದ ಪಡೆದ ಅತ್ಯಂತ ಬೆಲೆಯುಳ್ಳ ಆಸ್ತಿಯೆಂದರೆ ಈ ಅನುಮತಿಯೇ.

ಹಾಡು ಹಿತ್ತಿಲನ್ನು ದಾಟಿ ಹೊರಗೆ ಬಂದುದಕ್ಕೆ ವಿಂಜಮೂರಿ ಸೋದರಿಯರು ನಿದರ್ಶನ. ವಿಶಾಖಪಟ್ಟಣ ವಿಜಯವಾಡಗಳ ನಡುವೆ ಇರುವ ಕಾಕಿನಾಡದ ಅನಸೂಯಾದೇವಿ ಮತ್ತು ಸೀತಾದೇವಿಯವರು ಹಳ್ಳಿಯ ಹಾಡುಗಳನ್ನು ಸಂಗ್ರಹಿಸಿ, ಸಭೆಗೂ ಆಕಾಶವಾಣಿಗೂ ತಂದರು. ಅವರ ತಾಯಿ ವೆಂಕಟರತ್ನಮ್ಮನವರು 'ಅನಸೂಯ' ಎಂಬ ಮಹಿಳಾಪತ್ರಿಕೆಯ ಸಂಪಾದಕಿ. ಪತ್ರಿಕೆಗೂ ಮಗಳಿಗೂ ಒಂದೇ ಹೆಸರು ಇದ್ದದ್ದು ಅರ್ಥಗರ್ಭಿತ. ಇಲ್ಲಿ ತಾಯಿ ಮಗಳಿಗೆ ಕೊಟ್ಟದ್ದು ಹಾಡನ್ನು ಮಾತ್ರವಲ್ಲ, ಮನೆಯ ಹೊರಗೆ ದನಿ ಎತ್ತಬಹುದೆಂಬ ಧೈರ್ಯವನ್ನೂ ಕೊಟ್ಟಳು.

೪

ಇನ್ನೊಂದು ಕೈಯ ಕೊಡುಗೆಯಾದ ಸಾರಣೆಯ ಬಟ್ಟೆಯನ್ನು ಕಾಣಲು ಪಿ. ಸತ್ಯವತಿಯವರ 'ಇಲ್ಲಲಕಗಾನೇ' ಎಂಬ ಕಥೆಯನ್ನು ನೋಡಬೇಕು. ೧೯೪೦ರಲ್ಲಿ ಗುಂಟೂರು ಸೀಮೆಯ ಕೊಲಕಲೂರಿನಲ್ಲಿ ಹುಟ್ಟಿ, ವಿಜಯವಾಡದಲ್ಲಿ ಇಂಗ್ಲಿಷ್ ಅಧ್ಯಾಪಕಿಯಾಗಿದ್ದ ಈ ಲೇಖಕಿ, ಭಾಷಾಂತರಕ್ಕಾಗಿ ಸಾಹಿತ್ಯ ಅಕಾಡೆಮಿಯ ೨೦೧೯ರ ಪ್ರಶಸ್ತಿಯನ್ನು ಪಡೆದವರು. ಮನೆ ಸಾರಿಸಿದ ಮಾತ್ರಕ್ಕೆ ಹಬ್ಬವಾಗದು ಎಂಬರ್ಥದ ತೆಲುಗು ಗಾದೆಯಿಂದ ಕಥೆಯ ಶೀರ್ಷಿಕೆ ಬಂದಿದೆ. ಕಥೆಯ ಅಸ್ತಿಭಾರವೋ ತೆಲುಗು ಅಜ್ಜಿಯರೆಲ್ಲರೂ ಮಕ್ಕಳಿಗೆ ಹೇಳುವ ಸರಪಳಿ ಕಥೆ. ಒಂದು ನೊಣ ಮನೆ ಸಾರಿಸುತ್ತ ಸಾರಿಸುತ್ತ ತನ್ನ ಹೆಸರನ್ನೇ ಮರೆಯುತ್ತದೆ. ಮುದುಕಿಯನ್ನೂ, ಮುದುಕಿಯ ಮಗನನ್ನೂ, ಆತನ ಕೈಯ ಕೊಡಲಿಯನ್ನೂ ಕೇಳುತ್ತ ಹೋಗಿ, ಕಟ್ಟಕಡೆಗೆ ಕುದುರೆಯ ಹೊಟ್ಟೆಯೊಳಗಿನ ಮರಿಯನ್ನು ಕೇಳುತ್ತದೆ. ಮರಿ ನಕ್ಕ ಕೆನೆತದಲ್ಲಿ ತೆಲುಗಿನ 'ಈಗ' ಎಂಬ ಶಬ್ದ, ಎಂದರೆ ನೊಣವೆಂಬ ಹೆಸರು, ಕೇಳಿಬರುತ್ತದೆ.

ಸತ್ಯವತಿಯವರು ನೊಣದ ಸ್ಥಾನದಲ್ಲಿ ಗೃಹಿಣಿಯೊಬ್ಬಳನ್ನು ನಿಲ್ಲಿಸಿದ್ದಾರೆ. ಓದು ಬಲ್ಲ, ಚಿತ್ರ ಬರೆಯಬಲ್ಲ, ಹಾಡಬಲ್ಲ ತರುಣಿ ಮದುವೆಯಾಗಿ ಬಂದು ಮನೆಯನ್ನು ಕನ್ನಡಿಯಂತೆ ಇಡುವುದರಲ್ಲಿ ತನ್ಮಯಳಾಗುತ್ತಾಳೆ; ಒಂದು ದಿನ ನೆಲ ಸಾರಿಸುತ್ತಿರುವಾಗ ಹೆಸರು ಮರೆತುಹೋಗುತ್ತದೆ. ಕೆಲಸದಾಕೆಗೆ ಈಕೆ ಅಮ್ಮ, ಮಕ್ಕಳಿಗೂ ಅಮ್ಮ, ನೆರೆಯವರಿಗೆ ಇಂಥವರ ಹೆಂಡತಿ. ಪತಿಗೆ ಈಕೆ 'ಏಯ್' ಎಂಬ ಸಂಬೋಧನೆ ಮಾತ್ರ. ಹೆಸರಿಲ್ಲದಿರುವುದು ಆತನಿಗೆ ಕೊರತೆಯಾಗಿಯೇ ತೋರುವುದಿಲ್ಲ. ಕೊನೆಯ ಆಸರೆಯೆಂದು ತವರಿಗೆ ಹೋಗುತ್ತಾಳೆ. ಅಲ್ಲಿ ಓದಿಸಿದ್ದು, ಮದುವೆ ಮಾಡಿದ್ದು, ಬಾಣಂತನಗಳನ್ನು ನಡೆಸಿದ್ದು ಎಲ್ಲವೂ ನೆನಪಿನಲ್ಲಿವೆ. ಹುಡುಕಿ ಬಂದ ಹೆಸರು ಮಾತ್ರ ದೊರೆಯುವುದಿಲ್ಲ. ಕಡೆಗೆ ಹಾದಿಯಲ್ಲಿ ಎದುರಾದ ಶಾಲೆಯ ಗೆಳತಿ ಶಾರದಾ ಎಂದು ಕೂಗಿ ಕರೆಯುತ್ತಾಳೆ. ಹೆಸರಿನೊಡನೆ ಓದೂ ಹಾಡೂ ಚಿತ್ರವೂ ಮರಳಿ ಬರುತ್ತವೆ.

ಈ ಕಥೆಯನ್ನು ಪುರುಷನ ಮೇಲಣ ಆರೋಪಪತ್ರವೆಂದು ಓದಿದರೆ ಅರ್ಧ ಮಾತ್ರ ಓದಿದಂತೆ. ಇದರ ಮರ್ಮ ತವರುಮನೆಯ ಪ್ರಸಂಗದಲ್ಲಿದೆ. ಮಗಳಿಗೆ ಹೆಸರಿಟ್ಟ ತಾಯಿಯೇ ಆ ಹೆಸರನ್ನು ಹಿಂದಕ್ಕೆ ಕೊಡಲಾರದೆ ಹೋದಳೇಕೆ? ಆಕೆಯೂ ಸಾರಿಸುತ್ತಲೇ ಬಾಳಿದವಳು. ಮಗಳು ಒಳ್ಳೆಯ ಗೃಹಿಣಿಯಾದಳೆಂಬ ತೃಪ್ತಿಯಲ್ಲಿ ಮಗಳು ಯಾರೆಂಬುದನ್ನು ಮರೆಯುವುದು ತಾಯ್ತನದ ಸೋಲಲ್ಲ; ಲೋಕವು ತಾಯ್ತನಕ್ಕೆ ಒಪ್ಪಿಸಿದ ಕೆಲಸದ ಯಶಸ್ಸು. ತಾಯಿಯನ್ನು ಖಳನಾಯಿಕೆಯಾಗಿಸದೆ ಈ ಕಠಿಣ ಸತ್ಯವನ್ನು ಹೇಳಿರುವುದು ಕಥೆಯ ಹಿರಿಮೆ. ಅಜ್ಜಿಯ ಕಥೆಯಲ್ಲಿ ಹೆಸರನ್ನು ಹೇಳುವುದು ಇನ್ನೂ ಹುಟ್ಟದ ಮರಿ, ಎಂದರೆ ಮುಂದಿನ ಪೀಳಿಗೆ. ಲೇಖಕಿಯ ಕಥೆಯಲ್ಲಿ ಮಕ್ಕಳಿಗೂ ಅದು ತಿಳಿಯದು, ಸಮವಯಸ್ಕಳಾದ ಗೆಳತಿಗೆ ತಿಳಿದಿದೆ. ಮೇಲಿನಿಂದಲೂ ಕೆಳಗಿನಿಂದಲೂ ಬಾರದ ಉತ್ತರ ಪಕ್ಕದಿಂದ ಬಂದಿತು. ಈ ಒಂದು ಬದಲಾವಣೆಯಲ್ಲಿ ಇಡೀ ಇಪ್ಪತ್ತನೆಯ ಶತಮಾನದ ಸ್ತ್ರೀವಿದ್ಯಾಭ್ಯಾಸದ ಕಥೆ ಅಡಗಿದೆ. ಗೆಳತಿಯರನ್ನು ಕೂಡಿಸಿದ್ದು ಶಾಲೆಯಲ್ಲವೇ?

ಆದರೂ ಕಥೆಯ ಸಾಮಗ್ರಿ ಅಜ್ಜಿಯದೇ ಎಂಬುದನ್ನು ಮರೆಯಬಾರದು. ತಾಯಿಗೆ ಹೆಸರು ನೆನಪಿಲ್ಲದಿದ್ದರೂ ಹೆಸರು ಮರೆತವರ ಕಥೆ ಅಜ್ಜಿಗೆ ನೆನಪಿತ್ತು. ಮಕ್ಕಳನ್ನು ನಗಿಸಲೆಂದು ಆಕೆ ಹೇಳಿದ ಕಥೆಯೊಳಗಿನ ಅಳಲನ್ನು ಮೊಮ್ಮಗಳು ಹೊರಕ್ಕೆ ತೆಗೆದಳು. ತಲೆಮಾರುಗಳ ಕಾಲ ನಗೆಯ ಮುಸುಕಿನಲ್ಲಿ ಜೋಪಾನವಾಗಿ ಬಂದ ಒಂದು ದೂರು ಹೀಗೆ ತೆಲುಗು ಸಾಹಿತ್ಯಕ್ಕೆ ಸೇರಿತು.

ಹೆಸರಿನ ಇದೇ ಪ್ರಶ್ನೆಯನ್ನು ಕವಯಿತ್ರಿ ವಿಮಲಾ 'ವಂಟಿಲ್ಲು' ಎಂಬ ಕವಿತೆಯಲ್ಲಿ ಎತ್ತಿದ್ದಾರೆ. ಅಡಿಗೆಮನೆಯ ರಾಣಿಯೆನಿಸಿದ ತಾಯಿಯ ಪಾತ್ರೆಗಳ ಮೇಲೆ ಕೆತ್ತಿರುವುದು ತಂದೆಯ ಹೆಸರೆಂಬ ನೋಟ ಅದರಲ್ಲಿದೆ. ವಿಶಾಖಪಟ್ಟಣದ ಆಂಧ್ರ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿದ್ದ ಅಬ್ಬೂರಿ ರಾಮಕೃಷ್ಣರಾಯರ ಸೊಸೆ ಅಬ್ಬೂರಿ ಛಾಯಾದೇವಿಯವರು ತಮ್ಮ ಪ್ರಸಿದ್ಧ ಕಥೆಯಲ್ಲಿ ಹೆಣ್ಣಿನ ಬಾಳನ್ನು ಬೋನ್ಸಾಯ್ ಗಿಡಕ್ಕೆ ಹೋಲಿಸಿದರು. ಬೋನ್ಸಾಯ್ ಅನ್ನು ಕುಬ್ಜವಾಗಿಸುವುದು ದ್ವೇಷವಲ್ಲ. ದಿನದಿನದ ಆರೈಕೆ, ನೀರು, ಅಕ್ಕರೆಯ ಕತ್ತರಿ. ರೂಪಿಸುವುದು ಎಂಬ ಮಾತಿನ ಎರಡು ಅರ್ಥಗಳನ್ನೂ ಈ ಉಪಮೆ ಹೇಳುತ್ತದೆ.

೫

ಹಾಡು ಮತ್ತು ಸಾರಣೆ, ಎರಡನ್ನೂ ಅರಿತು ಪರಂಪರೆಯನ್ನು ತಿದ್ದಿದ ಕೃತಿ ವೋಲ್ಗಾರ 'ವಿಮುಕ್ತ'. ಗುಂಟೂರಿನಲ್ಲಿ ೧೯೫೦ರಲ್ಲಿ ಹುಟ್ಟಿದ ಪೋಪೂರಿ ಲಲಿತಕುಮಾರಿ ೧೯೭೨ರಲ್ಲಿ ಆಂಧ್ರ ವಿಶ್ವವಿದ್ಯಾಲಯದಿಂದ ತೆಲುಗು ಎಂ.ಎ. ಪದವಿ ಪಡೆದು, ವೋಲ್ಗಾ ಎಂಬ ಹೆಸರಿನಿಂದ ಬರೆದವರು. 'ವಿಮುಕ್ತ' ಕಥಾಸಂಕಲನಕ್ಕೆ ೨೦೧೫ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಇದರ ಐದು ಕಥೆಗಳಲ್ಲಿ ನಾಲ್ಕರಲ್ಲಿ ಸೀತೆ ಕ್ರಮವಾಗಿ ಶೂರ್ಪಣಖೆ, ಅಹಲ್ಯೆ, ರೇಣುಕೆ ಮತ್ತು ಊರ್ಮಿಳೆಯರನ್ನು ಸಂಧಿಸಿ ಅವರಿಂದ ಕಲಿಯುತ್ತಾಳೆ. ಐದನೆಯದು ರಾಮನ ಬಂಧನವನ್ನು ಕುರಿತದ್ದು.

ಊರ್ಮಿಳೆಯ ಕಥೆಯನ್ನು ಹಿತ್ತಿಲ ಹಾಡಿನ ಪಕ್ಕದಲ್ಲಿಟ್ಟು ನೋಡಬೇಕು. ಹಾಡಿನ ಊರ್ಮಿಳೆ ಹದಿನಾಲ್ಕು ವರ್ಷ ನಿದ್ರಿಸಿದಳು. ವೋಲ್ಗಾರ ಊರ್ಮಿಳೆ ಅದೇ ಹದಿನಾಲ್ಕು ವರ್ಷ ಎಚ್ಚರವಾಗಿದ್ದಳು. ಬಾಗಿಲು ಮುಚ್ಚಿದ್ದು ದುಃಖದಿಂದ ಲೋಕವನ್ನು ಮರೆಯಲಲ್ಲ. ತನ್ನ ಮೇಲೆ ಅಧಿಕಾರ ನಡೆಸುವವರಾರು, ತಾನು ಯಾರ ಮೇಲೆ ಅಧಿಕಾರ ನಡೆಸುತ್ತಿರುವೆನು ಎಂದು ವಿಚಾರಿಸಲು. ಒಂದೇ ಕೋಣೆ, ಒಂದೇ ಅವಧಿ, ಒಂದೇ ಮೌನ. ಅರ್ಥ ಮಾತ್ರ ತಿರುವುಮುರುವಾಗಿದೆ. ಇದು ಪರಂಪರೆಯ ನಿರಾಕರಣೆಯೆಂದು ಹೇಳುವವರು ಹಾಡಿನೊಳಗಿನ ಆಕ್ಷೇಪಣೆಯನ್ನು ಕೇಳಿಸಿಕೊಳ್ಳದವರು. ಗುರುತಿಸದ ನಟನೆಯಿಂದಲೇ ಪತಿಯನ್ನು ವಿಚಾರಣೆಗೆ ನಿಲ್ಲಿಸಿದ ಹಾಡಿನ ಊರ್ಮಿಳೆ ನಿಜವಾಗಿ ನಿದ್ರಿಸಿದ್ದಳೆಂದು ಹೇಳುವುದೂ ಸುಲಭವಲ್ಲ. ಅಜ್ಜಿ ಪಿಸುಮಾತಿನಲ್ಲಿ ಹೇಳಿದ್ದನ್ನು ಮೊಮ್ಮಗಳು ಗಟ್ಟಿಯಾಗಿ ಹೇಳಿದಳು.

ಆದರೆ ಎರಡರ ನಡುವಿನ ಭೇದವನ್ನು ಮುಚ್ಚಿಡಲಾಗದು. ಹಾಡಿನಲ್ಲಿ ಮುನಿಸಿನ ನಂತರ ಮಂಗಳಸ್ನಾನ, ಊಟ, ದಾಂಪತ್ಯದ ಸುಖ ಬರುತ್ತವೆ. ಹಾಡಿದವರಿಗೆ ಮರುದಿನವೂ ಅದೇ ಮನೆಯಲ್ಲ��� ಬಾಳಬೇಕಾಗಿತ್ತು. ಕಥೆಯಲ್ಲಿ ಆ ಸಂಧಾನಕ್ಕೆ ಅವಸರವಿಲ್ಲ. ಹಾಡಿನ ರಸವತ್ತಾದ ಲೌಕಿಕ ವಿವರವನ್ನು ಕಥೆ ಕಳೆದುಕೊಂಡಿದೆಯೆಂಬುದೂ ನಿಜ. ವೋಲ್ಗಾರ ಪಾತ್ರಗಳು ಕೆಲವೆಡೆ ಮಾತನಾಡುವುದಕ್ಕಿಂತ ಹೆಚ್ಚಾಗಿ ಪ್ರತಿಪಾದಿಸುತ್ತವೆ. ಅತ್ತಿಗೆ ನಾದಿನಿಯರ ಹಾಸ್ಯದ ಉಪ್ಪುಖಾರ ಅಲ್ಲಿ ವಿರಳ. ದನಿ ಗಟ್ಟಿಯಾದಾಗ ರಾಗ ಸ್ವಲ್ಪ ಕುಂದುವುದುಂಟು. ಹಾಗಿದ್ದರೂ ಒಬ್ಬ ಹೆಣ್ಣು ಇನ್ನೊಬ್ಬ ಹೆಣ್ಣಿನ ಬಳಿ ಕುಳಿತು ಕಲಿಯುವ ಸನ್ನಿವೇಶವನ್ನೇ ಕಥನದ ಬೆನ್ನೆಲುಬಾಗಿ ಮಾಡಿಕೊಂಡಿರುವುದು ಹಿತ್ತಿಲ ಪಾಠಶಾಲೆಯ ನೇರವಾದ ಮುಂದುವರಿಕೆ.

೬

ಈ ವಾದಕ್ಕೆ ಒಂದು ಗಂಭೀರವಾದ ಆಕ್ಷೇಪವುಂಟು. ಮಧ್ಯಾಹ್ನದ ಬಿಡುವಿನಲ್ಲಿ ಪಡಸಾಲೆಯಲ್ಲಿ ಕುಳಿತು ಹಾಡುವ ಅಜ್ಜಿ ಎಲ್ಲರ ಅಜ್ಜಿಯಲ್ಲ. ನಾಟಿಯ ಗದ್ದೆಯಲ್ಲಿ ಬಗ್ಗಿ ದುಡಿದವಳ ಹಾಡು ಬೇರೆ, ಅದರ ರಾಮಾಯಣವೂ ಬೇರೆ; ನಾರಾಯಣರಾಯರು ಈ ಭೇದವನ್ನು ಸ್ಪಷ್ಟವಾಗಿ ಗುರುತಿಸಿದ್ದಾರೆ. ವಿಜಯವಾಡದ ನಾಸ್ತಿಕ ಕೇಂದ್ರದ ಗೋರಾ ಅವರ ಸೊಸೆಯಾಗಿ, ಸಮಾಜಸೇವಕಿಯಾಗಿ, ಲೇಖಕಿಯಾಗಿ ಬಾಳಿದ ಹೇಮಲತಾ ಲವಣಂ (೧೯೩೨-೨೦೦೮) ಅವರು ಮಹಾಕವಿ ಗುರ್ರಂ ಜಾಷುವಾ ಅವರ ಮಗಳು. ಅಸ್ಪೃಶ್ಯತೆಯ ಬೇಗೆಯಲ್ಲಿ ಬೆಂದು ಕವಿಯಾದ ತಂದೆಯನ್ನು ಕುರಿತು ಆಕೆ 'ಮಾ ನಾನ್ನಗಾರು' ಎಂಬ ಪುಸ್ತಕವನ್ನೇ ಬರೆದರು. ಜಾತಿಯ ಗೋಡೆಯ ಹೊರಗೆ ನಿಲ್ಲಿಸಲ್ಪಟ್ಟ ಮನೆಯಲ್ಲಿ ತಂದೆಯ ಅಕ್ಷರವೇ ಮಗಳಿಗೆ ಹಿತ್ತಿಲೂ ಕಪಾಟೂ ಆಗಿರಬಹುದು. ಆದುದರಿಂದ ಮಾತೃಪರಂಪರೆಯನ್ನು ಎಲ್ಲ ಲೇಖಕಿಯರಿಗೂ ಸಮಾನವಾದ ಕೀಲಿಕೈಯೆಂದು ಭಾವಿಸಲಾಗದು. ಯಾವ ಅಜ್ಜಿ, ಯಾವ ಜಾತಿ, ಯಾವ ದುಡಿಮೆ ಎಂದು ಕೇಳಿದ ಬಳಿಕವೇ ಯಾವ ಹಾಡು ಎಂದು ಕೇಳಬೇಕು.

೭

ಕನ್ನಡದ ಸಾಹಿತ್ಯಕ್ಕೆ ಈ ವಿವೇಚನೆ ಹೊರಗಿನದಲ್ಲ. ನಂಜನಗೂಡಿನಲ್ಲಿ ೧೮೭೮ರಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರು ತಾಯಿ ಪುಟ್ಟಲಕ್ಷ್ಮಿಯ ಆಸರೆಯಲ್ಲಿ ಸಂಸ್ಕೃತವನ್ನೂ ಸಂಗೀತವನ್ನೂ ಕಲಿತು, ಮದರಾಸಿನಲ್ಲಿ ಕೀರ್ತಿ ಪಡೆದರು. ತಂಜಾವೂರಿನ ಹದಿನೆಂಟನೆಯ ಶತಮಾನದ ಕವಯಿತ್ರಿ ಮುದ್ದುಪಳನಿಯ 'ರಾಧಿಕಾ ಸಾಂತ್ವನಂ' ಎಂಬ ತೆಲುಗು ಕಾವ್ಯವನ್ನು ೧೯೧೦ರಲ್ಲಿ ಸಂಪೂರ್ಣವಾಗಿ ಪ್ರಕಟಿಸಿದವರು ಈ ಕನ್ನಡ ಮಗಳೇ. ಹಿಂದಿನ ಮುದ್ರಣದಲ್ಲಿ ಕೆಲವು ಪದ್ಯಗಳೊಡನೆ ಪೀಠಿಕೆಯೂ ಬಿಟ್ಟುಹೋಗಿತ್ತು. ಆ ಪೀಠಿಕೆಯಲ್ಲಿ ಮುದ್ದುಪಳನಿ ತನ್ನ ಅಜ್ಜಿ ತಂಜನಾಯಕಿಯ ಹೆಸರನ್ನು ಹೇಳಿ ವಂಶವನ್ನು ನಿರೂಪಿಸಿದ್ದಳು. ಶೃಂಗಾರದ ಪದ್ಯವನ್ನು ಬಿಟ್ಟದ್ದು ಲಜ್ಜೆಯಿಂದ ಎಂದುಕೊಳ್ಳಬಹುದು; ಅಜ್ಜಿಯ ಹೆಸರನ್ನು ಬಿಟ್ಟದ್ದು ಯಾವುದರಿಂದ? ತಾಯಿಯ ಹೆಸರಿನಿಂದಲೇ ಗುರುತಿಸಲ್ಪಡುವ ಕುಲದಲ್ಲಿ ಬೆಳೆದ ನಾಗರತ್ನಮ್ಮನವರಿಗೆ ಆ ಲೋಪ ಕಣ್ಣಿಗೆ ಬಿದ್ದದ್ದು ಸಹಜ. ಗ್ರಂಥವನ್ನು ಕಂದುಕೂರಿ ವೀರೇಶಲಿಂಗಂ ಅವರಂಥ ಸುಧಾರಕರು ನಿಂದಿಸಿದರು, ಸರಕಾರವು ನಿಷೇಧಿಸಿತು. ನಿಷೇಧ ತೊಲಗಿದ್ದು ೧೯೪೭ರಲ್ಲಿ. ಬಿಟ್ಟುಹೋದ ಅಜ್ಜಿಯನ್ನು ಪುಸ್ತಕಕ್ಕೆ ಮರಳಿ ಸೇರಿಸುವುದು ಅಷ್ಟು ಸುಲಭದ ಸಂಪಾದನ ಕಾರ್ಯವಾಗಿರಲಿಲ್ಲ.

ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' (೧೯೭೬) ಇನ್ನೊಂದು ನಿದರ್ಶನ. ಬಾಲವಿಧವೆಯಾದ ಹಿರಿಯಳು ತನ್ನ ಬಾಳನ್ನು ಲೇಖಕಿಯ ತಾಯಿಗೆ ಹೇಳಿದಳು. ಬಾಲಕಿಯಾಗಿ ಕೇಳಿಸಿಕೊಂಡದ್ದನ್ನು ಮಗಳು ದಶಕಗಳ ಬಳಿಕ ಕಾದಂಬರಿಯಾಗಿಸಿದಳು. ಹೇಳಿದವಳು, ಕೇಳಿದವಳು, ಬರೆದವಳು ಹೀಗೆ ಮೂವರ ಕೈ ಈ ಕೃತಿಯಲ್ಲಿದೆ. ಕೇಶಮುಂಡನಕ್ಕೆ ಒಪ್ಪದ ತರುಣ ವಿಧವೆಯ ಪಕ್ಷವನ್ನು ಫಣಿಯಮ್ಮ ಹಿಡಿಯುವಾಗ, ತಾನು ಅನುಭವಿಸಿದ್ದನ್ನು ಮುಂದಿನವಳಿಗೆ ದಾಟಿಸದಿರುವುದೂ ಅಜ್ಜಿಯರ ಒಂದು ಕೊಡುಗೆಯೆಂಬುದು ವ್ಯಕ್ತವಾಗುತ್ತದೆ. ಶಾರದೆಯ ತಾಯಿಗೆ ಸಾಧ್ಯವಾಗದ್ದು ಫಣಿಯಮ್ಮನಿಗೆ ಸಾಧ್ಯವಾಯಿತು. ಪರಂಪರೆಯನ್ನು ಕೊಡುವುದಷ್ಟೇ ಅಲ್ಲ, ಅದರಲ್ಲಿ ಕೊಡಬಾರದ್ದನ್ನು ತನ್ನಲ್ಲಿಯೇ ತಡೆದು ನಿಲ್ಲಿಸುವುದೂ ಸೃಷ್ಟಿಕಾರ್ಯವೇ.

ಹಲಸಂಗಿಯ ಗೆಳೆಯರು ೧೯೩೧ರಲ್ಲಿ 'ಗರತಿಯ ಹಾಡು' ಸಂಕಲನವನ್ನು ಪ್ರಕಟಿಸಿದಂದಿನಿಂದ ಕನ್ನಡದಲ್ಲಿ ಹೆಂಗಸರ ಹಾಡುಗಳ ಸಂಗ್ರಹ ಬಹಳವಾಗಿ ಬೆಳೆದಿದೆ. ಹಾಡುಗಳು ಉಳಿದಿವೆ, ಹಾಡಿದವರ ಹೆಸರು, ಯಾರಿಂದ ಕಲಿತರೆಂಬ ಸಂಗತಿ, ಯಾವ ನುಡಿಯನ್ನು ತಾವೇ ಸೇರಿಸಿದರೆಂಬ ವಿವರ ಬಹುಮಟ್ಟಿಗೆ ಉಳಿದಿಲ್ಲ. ಜಾನಪದವು ಸಮುದಾಯದ ಸೃಷ್ಟಿಯೆಂಬ ಸಿದ್ಧಾಂತ ಸರಿಯಾದುದೇ ಆದರೂ, ಸಮುದಾಯವೆಂಬ ದೊಡ್ಡ ಹೆಸರಿನ ಕೆಳಗೆ ಒಬ್ಬೊಬ್ಬ ಅಜ್ಜಿಯ ಸಣ್ಣ ಹೆಸರು ಅಳಿಸಿಹೋಗುವುದು ಸರಿಯಲ್ಲ. ಅದು ಇನ್ನೊಂದು ಬಗೆಯ ಸಾರಣೆಯಷ್ಟೆ. ಕ್ಷೇತ್ರಕಾರ್ಯ ಮಾಡುವ ಸಂಶೋಧಕರು ಹಾಡಿನ ಪಾಠದೊಡನೆ ಹಾಡಿದವಳ ಹೆಸರನ್ನೂ, ಆಕೆಯ ಒಪ್ಪಿಗೆಯಿದ್ದಲ್ಲಿ, ಆಕೆಗೆ ಕಲಿಸಿದವಳ ಹೆಸರನ್ನೂ ಬರೆದಿಡುವುದು ಆವಶ್ಯಕ. ಹಾಗೆ ಮಾಡಿದಾಗ ಬರೆಯುವ ಹೆಣ್ಣುಮಕ್ಕಳಿಗೆ ಹಿಂದೆ ತಿರುಗಿ ನೋಡಲು ಬರಿಯ ಹಾಡಲ್ಲ, ಹಾಡಿದ ಮುಖಗಳೂ ದೊರೆಯುವುವು.

ಕರಾವಳಿ ಆಂಧ್ರದ ಲೇಖಕಿಯರಿಂದ ಸಿದ್ಧವಾಗುವ ಮಾತು ಇಷ್ಟು: ತಾಯಿ ಅಜ್ಜಿಯರ ಋಣವನ್ನು ತೀರಿಸುವುದು ಅವರು ಹೇಳಿದ್ದನ್ನು ಹಾಗೆಯೇ ಹೇಳುವುದರಿಂದಲ್ಲ, ಅವರು ಹೇಳಲಾರದೆ ಹೋದುದನ್ನು ಅವರದೇ ಕಥೆಯೊಳಗಿನಿಂದ ಎತ್ತಿ ಹೇಳುವುದರಿಂದ. ಅಚ್ಚಮಾಂಬರು ಇಲ್ಲದ ಹಿರಿಯರನ್ನು ತಂದುಕೊಂಡರು. ಸತ್ಯವತಿಯವರು ಅಜ್ಜಿಯ ನಗೆಯೊಳಗಿನ ಪ್ರಶ್ನೆಯನ್ನು ಕಂಡರು. ವೋಲ್ಗಾ ನಿದ್ರಿಸಿದವಳನ್ನು ಎಬ್ಬಿಸಿದರು. ಮೂವರೂ ಮಾಡಿದ್ದು ಒಂದೇ ಕೆಲಸ. ಅದು ಹೆಸರನ್ನು ಹುಡುಕುವ ಕೆಲಸ. ಗಂಗಮ್ಮನವರ ಬಾಳಿನ ವಿವರ ದೊರೆಯುವವರೆಗೆ ಅದು ಮುಗಿಯಿತೆನ್ನುವಂತಿಲ್ಲ.